ಹುಲಿಗವ್ವನ ಹಿತ್ತಾಳೆ ಸೇರು

ಗಂಗಾವತಿಯ ಹಳೇ ಬಜಾರಿನಲ್ಲಿ ಮಂಡಾಳು, ಅಂದರೆ ಮಂಡಕ್ಕಿ, ಮಾರುವವರು ಆರೇಳು ಮಂದಿ ಇದ್ದರೂ ಜನ ಹುಡುಕಿಕೊಂಡು ಬರುತ್ತಿದ್ದುದು ಹುಲಿಗವ್ವನ ಹತ್ತಿರ. ಅವಳ ಮಂಡಾಳು ಯಾವಾಗಲೂ ಗರಿಗರಿ ಇರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕೊಸರು ಹಾಕುವುದರಲ್ಲಿ ಅವಳು ಕೈ ಬಿಗಿ ಹಿಡಿದವಳಲ್ಲ. ಹಿತ್ತಾಳೆಯ ಸೇರನ್ನು ತುಂಬಿ ಗಿರಾಕಿಯ ಚೀಲಕ್ಕೆ ಸುರಿದ ಮೇಲೆ, ಕೇಳುವ ಮೊದಲೇ ಒಂದು ಹಿಡಿ ಮೇಲೆ ಹಾಕುತ್ತಿದ್ದಳು. ಆ ಸೇರು ಅವಳ ಅತ್ತೆ ಮಾರೆವ್ವನದು. ಮದುವೆಯಾಗಿ ಬಂದ ಎರಡನೇ ವರ್ಷ ಅತ್ತೆ ಅದನ್ನು ಸೊಸೆಯ ಕೈಗಿಟ್ಟು ಪಕ್ಕಕ್ಕೆ ಸರಿದು ಕೂತಿದ್ದಳು. ಅದಾಗಿ ಮೂವತ್ತೆರಡು ವರ್ಷ. ಮಾರೆವ್ವ ತೀರಿಕೊಂಡು ಹತ್ತು.

ಆ ಸೋಮವಾರ ಹತ್ತು ಗಂಟೆಯ ಹೊತ್ತಿಗೆ ವಾಹೀದನ ಆಟೋ ಬಂದು ನಿಂತಿತು. ಸಾಣಾಪುರದ ಕಡೆ ಉಳಿದುಕೊಂಡ ಪ್ರವಾಸಿಗರನ್ನು ಊರು ತೋರಿಸಲು ಕರೆತರುವುದು ವಾಹೀದನ ಕೆಲಸ. ಈ ಸಲ ಬಂದವನು ಒಬ್ಬನೇ. ಉದ್ದನೆಯ ಆಳು, ಐವತ್ತು ದಾಟಿದವನು, ಬಿಸಿಲಿಗೆ ಮೂಗು ಕೆಂಪಗಾಗಿತ್ತು.

"ಇವ್ರು ವಿಲ್ಲೆಮ್ ಅಂತ ಅಕ್ಕ, ಹಾಲೆಂಡಿನವ್ರು," ಎಂದ ವಾಹೀದ. "ಮಂಡಾಳು ನೋಡಬೇಕಂತ."

"ನೋಡಾಕ ರೊಕ್ಕ ಇಲ್ಲಪ್ಪ, ನೋಡ್ಲಿ," ಎಂದಳು ಹುಲಿಗವ್ವ.

ವಿಲ್ಲೆಮ್ ಕಷ್ಟಪಟ್ಟು ಕಲಿತ ಒಂದೇ ಕನ್ನಡ ಪದವನ್ನು ಹೊರಗೆ ತಂದ. "ಎಷ್ಟು?"

"ಸೇರಿಗೆ ಇಪ್ಪತ್ತ್ರಿ."

ಅವನು ಏಳು ಬೆರಳು ಎತ್ತಿ ತೋರಿಸಿದ. ಹುಲಿಗವ್ವನಿಗೆ ನಗು ಬಂತು. ಹದಿನೆಂಟು ಅನ್ನುವವರನ್ನು ಕಂಡಿದ್ದಳು, ಹದಿನೈದು ಅನ್ನುವವರನ್ನೂ ಕಂಡಿದ್ದಳು. ಅವರೆಲ್ಲ ಮೊದಲು ಕುಕ್ಕರುಗಾಲಲ್ಲಿ ಕೂತು, ಬಾಯಿಗೆ ನಾಲ್ಕು ಮಂಡಾಳು ಹಾಕಿಕೊಂಡು, ಮನೆಯ ಸುದ್ದಿ ಕೇಳಿ, ಆಮೇಲೆ ರೇಟಿಗೆ ಬರುತ್ತಿದ್ದರು. ಇವನು ಏಳು ಎಂದವನೇ ಬೆನ್ನು ತಿರುಗಿಸಿ ನಡೆದೇಬಿಟ್ಟ. ಇಪ್ಪತ್ತು ಹೆಜ್ಜೆ ಹೋಗಿ ನಿಂತು ಹಿಂದಿರುಗಿ ನೋಡಿದ. ಹುಲಿಗವ್ವ ಕರೆಯಲಿಲ್ಲ. ತಾನೇನಾದರೂ ತಪ್ಪು ಮಾತಾಡಿದೆನೇ ಎಂದು ಗಾಬರಿಯಾಗಿ ವಾಹೀದನ ಮುಖ ನೋಡಿದಳು.

"ಸಿಟ್ಟು ಅಲ್ಲ ಅಕ್ಕ. ಮೂರನೇ ಒಂದು ಪಾಲು ಕೇಳಬೇಕು, ಕೊಡಲಿಲ್ಲಂದ್ರ ಎದ್ದು ಹೋಗಬೇಕು, ಆಗ ಕರೀತಾರ ಅಂತ ಎಲ್ಲೋ ಓದ್ಯಾರ."

ವಿಲ್ಲೆಮ್ ತಾನೇ ವಾಪಸು ಬಂದ, ಮುಖ ಸಣ್ಣಗೆ ಮಾಡಿಕೊಂಡು ಇಪ್ಪತ್ತು ಕೊಟ್ಟ. ಅವಳು ಅಳೆದು ಸುರಿದು ಮೇಲೊಂದು ಹಿಡಿ ಹಾಕಿದಳು. ಅವನು ಆ ಒಂದು ಹಿಡಿಯನ್ನು ಚೀಲದಿಂದ ತೆಗೆದು, ಇದಕ್ಕೆ ನಾನು ದುಡ್ಡು ಕೊಟ್ಟಿಲ್ಲ ಎನ್ನುವಂತೆ ಮತ್ತೆ ರಾಶಿಗೆ ಹಾಕಿದ. ಪಕ್ಕದಲ್ಲಿ ಬೆಲ್ಲ, ಪುಟಾಣಿ ಮಾರುವ ಕುಬೇರಪ್ಪ ಅದನ್ನು ನೋಡಿ ಬಾಯಿಗೆ ಟವೆಲು ಅಡ್ಡ ಹಿಡಿದು ನಕ್ಕ.

ಅಷ್ಟರಲ್ಲಿ ವಿಲ್ಲೆಮ್‌ನ ಕಣ್ಣು ಸೇರಿನ ಮೇಲೆ ಬಿತ್ತು. ಕೈಗೆ ತೆಗೆದುಕೊಂಡು ಸುತ್ತ ತಿರುಗಿಸಿದ. ವಾಹೀದನಿಗೆ ಏನೋ ಹೇಳಿದ.

"ಅಕ್ಕ, ಇವ್ರ ಊರಾಗ ಒಂದು ಸಣ್ಣ ಮ್ಯೂಸಿಯಂ ಐತಂತ. ಹಳೇ ತಕ್ಕಡಿ, ಸೇರು, ತೂಕದ ಕಲ್ಲು ಕೂಡಿಸೂದ ಇವ್ರ ಕೆಲಸ. ಈ ಸೇರು ಎಷ್ಟಕ್ಕ ಕೊಡ್ತಿ ಅಂತಾರ."

"ಸೇರು ಮಾರೂದಲ್ಲಪ್ಪ. ಅದರಾಗ ಅಳೆದು ಮಾರೂದು."

ವಾಹೀದ ಅದನ್ನು ಹೇಳಿದ. ವಿಲ್ಲೆಮ್ ತಿಳಿಯಿತು ಎಂಬಂತೆ ತಲೆಯಾಡಿಸಿ ಐನೂರು ಎಂದ. ಹುಲಿಗವ್ವ ಬೇಡ ಎಂದಳು. ಸಾವಿರ ಎಂದ. ಕೈ ಮುಗಿದು ಬೇಡ ಎಂದಳು. ಎರಡು ಸಾವಿರ ಎಂದ. ಸುತ್ತ ಜನ ಸೇರತೊಡಗಿದರು.

"ಬ್ಯಾಡ ಅಂದ್ರ ಬ್ಯಾಡ ಅನ್ನೂದು ಇವ್ರ ಭಾಷಾದಾಗ ಇಲ್ಲೇನು ವಾಹೀದ?"

"ಹೇಳಿದೆ ಅಕ್ಕ. ನೀ ಬ್ಯಾಡ ಅನ್ನೂದೂ ರೇಟಿನ ಮಾತ ಅಂತ ತಿಳ್ಕೊಂಡಾರ."

ವಿಲ್ಲೆಮ್ ಕೆಳಗೆ ಕೂತ. ಸೇರನ್ನು ಬೋರಲು ಹಾಕಿ ತಳವನ್ನು ಬೆರಳ ಗೆಣ್ಣಿನಿಂದ ಬಡಿದ. ಕಿವಿ ಹತ್ತಿರ ತಂದು ಮತ್ತೊಮ್ಮೆ ಬಡಿದ. ಅವನ ಮುಖದ ನಗೆ ಹೋಯಿತು. ಕಿಸೆಯಿಂದ ಸಣ್ಣ ಟೇಪು ತೆಗೆದು ಸೇರಿನ ಹೊರಗಿನ ಎತ್ತರ ಹಿಡಿದ, ಒಳಗಿನ ಆಳ ಹಿಡಿದ. ಎರಡಕ್ಕೂ ನಡುವೆ ಎರಡು ಬೆರಳಿನಷ್ಟು ಅಂತರ. ಅವನು ತಲೆ ಎತ್ತಿ, ಬಹಳ ಸಂತೋಷದಿಂದ, ಉದ್ದಕ್ಕೆ ಮಾತಾಡಿದ. ವಾಹೀದ ಕೇಳುತ್ತ ಕೇಳುತ್ತ ಹುಲಿಗವ್ವನ ಕಡೆ ನೋಡುವುದನ್ನು ಬಿಟ್ಟ.

"ಏನಂತಾರ?"

"ಏನಿಲ್ಲ ಅಕ್ಕ. ಆಮ್ಯಾಲ ಹೇಳ್ತೀನಿ."

"ಹೇಳೋ ಮಾರಾಯ, ಮಂದಿ ನಿಂತೈತಿ."

"ಒಳಗ ಎರಡನೇ ತಳ ಐತಂತ. ಮ್ಯಾಲ ಒಂದು ತಗಡು ಕೂಡಿಸಿ ಬೆಸುಗಿ ಹಾಕ್ಯಾರಂತ. ಇದು ಕಳ್ಳ ಸೇರು. ಇಂಥಾದ್ದು ಸಿಗೂದು ಭಾಳ ಅಪರೂಪ ಅಂತ. ಹದಿನೈದು ಸಾವಿರ ಕೊಡ್ತಾರಂತ."

ಹುಲಿಗವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. ಕೊಳ್ಳುವವರು ಸಾಮಾನಿನಲ್ಲಿ ಊನ ಹುಡುಕುವುದು ರೇಟು ಇಳಿಸಲಿಕ್ಕೆ. ಊನ ಕಂಡು ರೇಟು ಏರಿಸಿದವನನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆಮೇಲೆ, ಒಂದೊಂದೇ ಮಾತು ಒಳಗಿಳಿದ ಹಾಗೆ, ಅವಳ ಕಿವಿ ಬಿಸಿಯಾಯಿತು.

"ಸುಳ್ಳು," ಎಂದಳು. "ಕುಬೇರಣ್ಣ, ನಿನ್ನ ಸೇರು ಕೊಡು ಇಲ್ಲೆ."

ಕುಬೇರಪ್ಪನದು ಕಬ್ಬಿಣದ್ದು, ಸರ್ಕಾರಿ ಮುದ್ರೆ ಬಿದ್ದದ್ದು. ಅವನು ಕೊಡಲು ಹಿಂದೆಮುಂದೆ ನೋಡಿದ. "ಹೋಗ್ಲಿ ಬಿಡವ್ವ, ಯಾಕ ಬೇಕು," ಎಂದ. ಅವಳು ತಾನೇ ಎದ್ದು ಹೋಗಿ ತಂದಳು. ತನ್ನ ಸೇರನ್ನು ತುಂಬಿ, ಬಾಯಿಯನ್ನು ಅಂಗೈಯಿಂದ ಸವರಿ ಮಟ್ಟ ಮಾಡಿ, ಕಬ್ಬಿಣದ ಸೇರಿಗೆ ಸುರಿದಳು. ತುಂಬಲಿಲ್ಲ. ಅವಳು ರಾಶಿಗೆ ಕೈ ಹಾಕಿ, ದಿನಾ ಹಾಕುವ ಹಾಗೆಯೇ ಒಂದು ಹಿಡಿ ಕೊಸರು ಹಾಕಿದಳು. ಆಗಲೂ ಒಂದು ಬೆರಳು ಕಡಿಮೆ ಉಳಿಯಿತು.

ಆಗ ಅವಳಿಗೆ ಚೀಲದ ಲೆಕ್ಕ ನೆನಪಾಯಿತು. ಒಂದು ಚೀಲಕ್ಕೆ ಅರವತ್ತು ಸೇರು ಎಂದು ಮಂಡಾಳು ಹುರಿಯುವ ಭಟ್ಟಿಯವನು ಹೇಳುತ್ತಿದ್ದ. ಕೊಸರು ಹಾಕಿ ಮಾರಿದರೂ ಅವಳಿಗೆ ಅರವತ್ತಾರು, ಅರವತ್ತೇಳು ಆಗುತ್ತಿತ್ತು. ಹೊಸದರಲ್ಲಿ ಬೆರಗಾಗಿ ಅತ್ತೆಗೆ ಹೇಳಿದ್ದಳು. "ನಿನ್ನ ಕೈಗುಣ ಛಲೋ ಐತಿ," ಎಂದಿದ್ದಳು ಮಾರೆವ್ವ. ಆ ಮಾತನ್ನು ಅವಳು ಎಷ್ಟು ಮಂದಿಗೆ ಹೆಮ್ಮೆಯಿಂದ ಹೇಳಿಕೊಂಡಿದ್ದಳೋ.

ವಿಲ್ಲೆಮ್‌ಗೆ ಈಗ ಏನೋ ಕೆಟ್ಟಿದೆ ಎಂದು ಗೊತ್ತಾಗಿತ್ತು, ಏನೆಂದು ಗೊತ್ತಾಗಿರಲಿಲ್ಲ. ಅವನು ಮೆತ್ತಗೆ ಮಾತಾಡಿದ. ವಾಹೀದ ಹೇಳಿದ: "ಇದರಾಗ ನಾಚಿಕಿ ಏನಿಲ್ಲ, ಎಲ್ಲಾ ದೇಶದಾಗೂ ಇತ್ತು ಅಂತಾರ. ಗಾಜಿನ ಪೆಟ್ಟಿಗ್ಯಾಗ ಇಡ್ತಾರಂತ. ಬೇಕಂದ್ರ ನಿನ್ನ ಹೆಸರು, ಫೋಟೋ ಹಾಕ್ತಾರಂತ."

"ನನ್ನ ಫೋಟೋ," ಎಂದಳು ಹುಲಿಗವ್ವ. ಚೀಲದ ಮೇಲೆ ಕೂತಳು. ತನ್ನ ಮನೆಯ ಮಾನಕ್ಕೆ ಈ ಮನುಷ್ಯ ಮರ್ಯಾದೆಯಿಂದಲೇ, ನಗುನಗುತ್ತಲೇ ಬೆಲೆ ಕಟ್ಟುತ್ತಿದ್ದ. ಇವನನ್ನು ಬೈಯುವುದು ಹೇಗೆಂದೂ ತಿಳಿಯಲಿಲ್ಲ. ಅವನ ಕೈಯಿಂದ ಸೇರನ್ನು ತೆಗೆದುಕೊಂಡು ಸೆರಗಿನಲ್ಲಿ ಸುತ್ತಿದಳು. "ಕರ್ಕೊಂಡು ಹೋಗಪ್ಪ ವಾಹೀದ. ಅವ್ರದೇನೂ ತಪ್ಪಿಲ್ಲ ಅಂತ ಹೇಳು."

ವಿಲ್ಲೆಮ್ ಹೋಗುವಾಗ ಈ ಸಲ ಹಿಂದಿರುಗಿ ನೋಡಲಿಲ್ಲ.

ಅಂಗಡಿಯನ್ನು ತಾಡಪತ್ರಿಯಿಂದ ಮುಚ್ಚಿ ಹುಲಿಗವ್ವ ಮನೆಗೆ ನಡೆದಳು. ಗಂಡ ಹೊನ್ನೂರಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಹೊತ್ತು ಬೆನ್ನು ಕೆಡಿಸಿಕೊಂಡು ಈಗ ಮನೆಯಲ್ಲೇ ಇರುತ್ತಿದ್ದ. ನಡುಹಗಲು ಬಂದ ಹೆಂಡತಿಯನ್ನು ಕಂಡು ಎದ್ದು ಕೂತ. ಅವಳು ನೀರೂ ಕುಡಿಯದೆ ಸೇರನ್ನು ಅವನ ಮುಂದಿಟ್ಟಳು, ನಡೆದದ್ದನ್ನು ಹೇಳಿದಳು. ಅತ್ತೆಗೆ ಗೊತ್ತಿರಲಿಕ್ಕಿಲ್ಲ, ಯಾರೋ ಮೋಸ ಮಾಡಿ ಅವಳಿಗೆ ಮಾರಿರಬೇಕು ಎಂದು ತಾನೇ ಒಂದು ದಾರಿಯನ್ನೂ ಹುಡುಕಿಕೊಂಡಿದ್ದಳು.

ಹೊನ್ನೂರಪ್ಪ ಸೇರನ್ನು ಮುಟ್ಟಲಿಲ್ಲ.

"ಅಪ್ಪ ಹಾಕಿಸಿದ್ದು," ಎಂದ. "ನಾ ಆಗ ಸಾಲಿಗೆ ಹೋಗ್ತಿದ್ದೆ. ಬೆಸುಗಿ ಹಾಕಿಸಾಕ ನನ್ನೂ ಕರ್ಕೊಂಡು ಹೋಗಿದ್ದ."

"ಅತ್ತಿಗೂ ಗೊತ್ತಿತ್ತೇನು?"

"ಅವ್ವಗೂ ಗೊತ್ತಿತ್ತು."

ಈ ಮನುಷ್ಯನಿಗೆ ಹುಲಿಗವ್ವ ಮೂರು ಮಕ್ಕಳನ್ನು ಹಡೆದಿದ್ದಳು. ಅವನ ಎಲ್ಲ ಸುಳ್ಳುಗಳೂ ತನಗೆ ಗೊತ್ತು ಎಂದುಕೊಂಡಿದ್ದಳು.

"ನನಗ್ಯಾಕ ಯಾರೂ ಹೇಳಲಿಲ್ಲ?"

"ಹೇಳಬ್ಯಾಡ ಅಂದ್ಲು ಅವ್ವ. ಗೊತ್ತಾದ್ರ ನಿನ್ನ ಕೈ ನಡುಗ್ತಿತ್ತು. ಗೊತ್ತಿಲ್ಲದಾಕಿ ಮುಖ ನೋಡಿ ಮಂದಿ ಬರ್ತಿದ್ರು." ಆಮೇಲೆ ಅವನೇ ಕೇಳಿದ. "ಹದಿನೈದು ಸಾವಿರ ಅಂದ್ನೇನು? ಕೊಟ್ಟುಬಿಡಬೇಕಿತ್ತು. ದೂರದ ದೇಶ. ಅಲ್ಲಿ ನಮ್ಮನ್ನ ಯಾರು ಬಲ್ಲರು."

ಅವತ್ತು ಅವನಿಗೆ ಊಟಕ್ಕಿಟ್ಟಳು, ತಾನು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಪಾತ್ರೆ ರಿಪೇರಿ ಮಾಡುವವನ ಅಂಗಡಿ ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ಕೂತಳು. ಅವನು ಸೇರನ್ನು ಬೆಂಕಿಗೆ ಹಿಡಿದು ಬೆಸುಗೆ ಕರಗಿಸಿ, ಇಕ್ಕಳದಿಂದ ಒಳಗಿನ ತಗಡನ್ನು ಎಳೆದ. ರೊಟ್ಟಿಯ ಹಾಗೆ ದುಂಡಗಿನ ತಗಡು ಕಳಚಿ ಬಂತು. ಅಡಿಯಲ್ಲಿದ್ದ ಹಿತ್ತಾಳೆ ಹೊಸದರಂತೆ ಹೊಳೆಯುತ್ತಿತ್ತು. ತಗಡು ಬೇಕೇ ಎಂದು ಕೇಳಿದ. ಗುಜರಿಗೆ ಹಾಕು ಎಂದಳು.

ಬಜಾರಿಗೆ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಮೊದಲು ಬಂದವಳು ಹತ್ತೊಂಬತ್ತು ವರ್ಷಗಳಿಂದ ಗಿರಾಕಿಯಾಗಿದ್ದ ದುರಗಮ್ಮ. ಚೀಲ ಬಿಚ್ಚಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇಷ್ಟ ವರ್ಷ ಕಮ್ಮಿ ಹಾಕಿದ್ದು ಯಾರ ಕೊಡ್ತಾರ ಹುಲಿಗವ್ವ?"

"ಕೊಡಾಕ ಆಗೂದಿಲ್ಲಬೇ. ಎಷ್ಟಂತ ನನಗೂ ಗೊತ್ತಿಲ್ಲ." ಅವಳು ಸೇರನ್ನು ಬಗ್ಗಿಸಿ ಒಳಗಿನ ತಳವನ್ನು ತೋರಿಸಿದಳು. "ಇವತ್ತಿಂದ ತುಂಬಿದ ಸೇರು. ಆದ್ರ ಇಪ್ಪತ್ತಕ್ಕ ಗಿಟ್ಟೂದಿಲ್ಲ. ಇಪ್ಪತ್ತೈದು."

ದುರಗಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. "ಕದ್ದಾಗ ಇಪ್ಪತ್ತು, ಸಾಚಾ ಆದಾಗ ಇಪ್ಪತ್ತೈದೇನು?"

"ಹೌದಬೇ," ಎಂದಳು ಹುಲಿಗವ್ವ.

ದುರಗಮ್ಮ ಖಾಲಿ ಚೀಲವನ್ನು ಬಗಲಿಗೆ ಸಿಕ್ಕಿಸಿಕೊಂಡು ಮುಂದಿನ ಅಂಗಡಿಗೆ ಹೋದಳು. ಅವಳ ಹಿಂದೆ ಇನ್ನೂ ಇಬ್ಬರು ಹೋದರು. ಆಮೇಲೆ ಬಂದ ಒಬ್ಬ ಮುದುಕ ಏನೂ ಕೇಳದೆ ಎರಡು ಸೇರು ಅಳೆಸಿಕೊಂಡು ಐವತ್ತು ಕೊಟ್ಟು ಹೋದ. ಮಧ್ಯಾಹ್ನದ ಹೊತ್ತಿಗೆ ಅರ್ಧ ಚೀಲವೂ ಖರ್ಚಾಗಿರಲಿಲ್ಲ. ಕುಬೇರಪ್ಪ ಚಹಾ ತರಿಸಿ ಕೊಟ್ಟ. ಹುಲಿಗವ್ವ ಅಳೆಯುವಾಗ ಗಿರಾಕಿಯ ಮುಖ ನೋಡಿ ನಗುವುದನ್ನು ಮರೆತಿದ್ದಳು. ಕಣ್ಣನ್ನು ಸೇರಿನ ಬಾಯಿಯ ಮೇಲೆಯೇ ಇಟ್ಟು, ಹೊಸದಾಗಿ ಕಲಿಯುವವಳ ಹಾಗೆ ನಿಧಾನವಾಗಿ ಅಳೆಯುತ್ತಿದ್ದಳು.