ಇಬ್ಬರು ಮಡಚುವ ಬೆಡ್‌ಶೀಟು

ಬಿಸಿ ಇನ್ನೂ ಆರಿಲ್ಲ, ಮಿಷನ್ನಿನಿಂದ ಈಗಷ್ಟೇ ತೆಗೆದ ಬೆಡ್‌ಶೀಟು, ಅಂಗೈ ಚುರುಗುಟ್ಟುತ್ತದೆ, ಎರಡು ಮೂಲೆ ಗೋಡೆಯ ಎರಡು ಕ್ಲಿಪ್ಪಿಗೆ ಸಿಕ್ಕಿಸಿ ಇನ್ನೆರಡು ಹಿಡಿದು ಹಿಂದೆ ಸರಿಯುತ್ತೇನೆ, ಎಳೆ, ಒದರು, ಮಡಚು — ಲಾಡ್ಜಿನವರ ಗಂಟು ಬಾಗಿಲ ತನಕ ಬಿದ್ದಿದೆ, ಲಾಂಡ್ರಿ ಯಜಮಾನರು ಫೋನಿನಲ್ಲಿದ್ದಾರೆ, ಇಟ್ಟ ಕೂಡಲೇ ಕೇಳುತ್ತಾರೆ, ಏನಂತ ಹೇಳಲಿ, ಬೆಳಗ್ಗೆ ಎಷ್ಟು ಸಲೀಸಾಗಿ ಅಂದುಬಿಟ್ಟರು, ನಿನ್ನ ಓರಗಿತ್ತೀನ ವಾಪಸ್ ಕರೀಲಾ, ಇಬ್ಬರು ಸೇರಿದ್ರೆ ಮಧ್ಯಾಹ್ನಕ್ಕೇ ಕೆಲಸ ಮುಗಿಯುತ್ತೆ, ಅರ್ಧ ದಿನದ ಲೆಕ್ಕಕ್ಕೆ ಕೂಲಿ ಅರ್ಧರ್ಧ, ಇಲ್ಲಾ ಒಬ್ಬಳೇ ನಿಭಾಯಿಸ್ತೀಯಾ. ಹಾಳಾದ್ದು, ಆ ಕಾನೂನು ಬಂದ ದಿನ ಎಷ್ಟು ಕುಣಿದಿದ್ದೆವು, ದೇಶಕ್ಕೆಲ್ಲ ಒಂದೇ ಕನಿಷ್ಠ ಕೂಲಿ, ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ, ನನ್ನ ಓರಗಿತ್ತಿ ಅಕ್ಕ ದಿಂಬಿನ ಕವರನ್ನು ತಲೆಗೆ ಹಾಕಿಕೊಂಡು ಇನ್ಮೇಲೆ ನಮ್ಮನ್ನ ಹಿಡಿಯೋರಿಲ್ಲ ಕಣೇ ಅಂದಿದ್ದಳು, ವಾರ ಕಳೆಯುವಷ್ಟರಲ್ಲಿ ಯಜಮಾನರು ತಲೆ ಕೆರೆದುಕೊಳ್ಳುತ್ತ ಬಂದರು, ಲಾಡ್ಜಿನವರು ರೇಟು ಏರಿಸಲ್ಲ, ಇಬ್ಬರಿಗೆ ಕೊಡೋಕೆ ನನ್ನ ಕೈಲಾಗಲ್ಲ, ಸುಳ್ಳಲ್ಲ ಅದು, ಅವರ ಹೆಂಡತಿಯೇ ಈಗ ಇಸ್ತ್ರಿಗೆ ನಿಂತಿದ್ದಾರೆ. ಅಕ್ಕ ನನ್ನ ಮುಖ ನೋಡಿದಳು, ಇವಳಿರಲಿ, ಇವಳ ಮಗಳು ಓದ್ತಾ ಇದಾಳೆ ಅಂದಳು, ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳೇ ಅವಳು, ಆಚೆ ತುದಿಯ ಎರಡು ಮೂಲೆ ಹಿಡಿದು ನಡೆದು ಬಂದು ನನ್ನ ಕೈಗೆ ಕೊಡುತ್ತಿದ್ದಳು, ಕ್ಲಿಪ್ಪು ಹಾಗೆ ನಡೆದು ಬರುತ್ತದೆಯೇ, ನಾನೇ ಹೋಗಿ ಬಿಡಿಸಿಕೊಳ್ಳಬೇಕು.

ಈಗ ಕೈತುಂಬ ಕೂಲಿ, ಅದನ್ನು ನಂಬಿಯೇ ಮಗಳನ್ನು ನರ್ಸಿಂಗಿಗೆ ಸೇರಿಸಿದ್ದು, ಅರ್ಧವಾದರೆ ಬಿಡಿಸಬೇಕು, ಬಿಡಿಸಲಾ, ಆಗಲ್ಲ, ನನ್ನಿಂದಾಗಲ್ಲ — ಅಕ್ಕ ಕೆಲಸ ಕೇಳಿಕೊಂಡು ಬೀದಿ ಬೀದಿ ಅಲೆಯುತ್ತಾಳೆ, ಇಷ್ಟು ಕೂಲಿ ಕೊಡೋದಾದ್ರೆ ವಯಸ್ಸಿನ ಹುಡುಗೀರೇ ಸಿಗ್ತಾರೆ ಅನ್ನುತ್ತಾರಂತೆ, ಕಡಿಮೆಗೇ ಬರ್ತೀನಿ ಅಂದರೆ ಕಾನೂನು ಬಿಡಲ್ಲಮ್ಮ ಅನ್ನುತ್ತಾರಂತೆ, ಸಂಜೆ ಚಪ್ಪಲಿ ಸದ್ದು ಕೇಳಿ ಪಕ್ಕದ ಕೋಣೆಯಿಂದ ಬಂದ್ಯೇನೇ ಎನ್ನುತ್ತಾಳೆ, ಅಷ್ಟೇ, ಬೈದಿದ್ದರೆ ಚೆನ್ನಾಗಿತ್ತು. ಇವತ್ತಿನ ಮಾತು ಅವಳಿಗೆ ಗೊತ್ತಾಗುವುದಿಲ್ಲ, ಯಜಮಾನರು ಹೇಳುವವರಲ್ಲ, ನಾನೂ — ಥೂ, ಎಂಥ ಬುದ್ಧಿ ನನ್ನದು.

ಫೋನಿಟ್ಟರು, ಬರುತ್ತಿದ್ದಾರೆ, ಏನಮ್ಮಾ ಏನು ಮಾಡೋಣ, ಒಬ್ಬಳೇ ನಿಭಾಯಿಸ್ತೀನಿ ಸಾರ್, ಅಂದೆ, ಅಂದುಬಿಟ್ಟೆ, ಸರಿ ಎಂದು ಅವರು ಹೊರಟೇ ಹೋದರು, ಇಷ್ಟೇನಾ, ಇನ್ನೊಂದು ಬೆಡ್‌ಶೀಟು, ಎರಡು ಮೂಲೆ ಸಿಕ್ಕಿಸಿ, ಹಿಂದೆ ಸರಿದು, ಅಭ್ಯಾಸಬಲ, ಬಾಯಿಗೆ ಬಂದೇಬಿಟ್ಟಿತು, ಗಟ್ಟಿಯಾಗಿ ಹಿಡ್ಕೋ ಅಕ್ಕಾ — ಗೋಡೆ, ಗೋಡೆಯ ಮೇಲೆ ಎರಡು ಕ್ಲಿಪ್ಪು, ಗಟ್ಟಿಯಾಗಿ ಹಿಡಿದಿವೆ, ಎರಡು ಕ್ಲಿಪ್ಪು