ಅಕ್ಕಿಯ ದಿನದ ಮಾತ್ರೆ

"ತಲೆ ಸ್ವಲ್ಪ ಎತ್ತಿ ಲೋಕಯ್ಯಣ್ಣ," ಎಂದರು ಯಾರೋ.

ಲೋಕಯ್ಯ ಹೆಂಡತಿಯ ತಲೆಯ ಕೆಳಗೆ ಅಂಗೈ ಇಟ್ಟು ಎತ್ತಿದರು. ಆಗಷ್ಟೇ ಮೀಯಿಸಿದ ಕೂದಲಿನಿಂದ ನೀರು ಅವರ ಮುಂಗೈಗೆ ಇಳಿಯಿತು. ಹೆಂಗಸರು ಬಾಳೆಎಲೆ ಸರಿಪಡಿಸಿದರು. ಅಂಗಳಕ್ಕೆ ಕಟ್ಟಿದ್ದ ನೀಲಿ ಟರ್ಪಾಲಿನಿಂದ ಸೋಸಿ ಬಂದ ಬೆಳಕಿನಲ್ಲಿ ಎಲ್ಲವೂ ಕೆರೆಯ ತಳದಲ್ಲಿದ್ದ ಹಾಗೆ ಕಾಣುತ್ತಿತ್ತು. ಬಂದವರು ನಿಧಾನವಾಗಿ ತೇಲಿ ಬರುತ್ತಿದ್ದರು, ಬಾಗುತ್ತಿದ್ದರು, ಪೂವಮ್ಮನ ತುಟಿಗೆ ತುಳಸಿನೀರು ಬಿಟ್ಟು ಗೋಡೆಯ ಕಡೆಗೆ ಸರಿಯುತ್ತಿದ್ದರು. ನಿನ್ನೆ ಮಧ್ಯಾಹ್ನ ಉಂಡು ಮಲಗಿದ ಪೂವಮ್ಮ ಎದ್ದಿರಲಿಲ್ಲ. ಈಗಲೂ ಅದೇ ನಿದ್ದೆಯಲ್ಲಿದ್ದಾಳೆ, ಇಷ್ಟು ಜನರ ಸದ್ದಿಗೆ ಎಚ್ಚರಾದರೆ ಬೈಯುತ್ತಾಳೆ ಎಂದು ಲೋಕಯ್ಯನಿಗೆ ಅನ್ನಿಸಿತು.

ಗೇಟಿನ ಹತ್ತಿರ ವಿಸ್ಮಿತಾ ನಿಂತಿದ್ದಳು. ಎರಡು ವರ್ಷದ ಹಿಂದೆ ಪೂವಮ್ಮ ನಿವೃತ್ತಿಯಾದಾಗ ಆರೋಗ್ಯ ಉಪಕೇಂದ್ರಕ್ಕೆ ಬಂದ ಹೊಸ ನರ್ಸ್. ಕೈಯಲ್ಲಿ ರಟ್ಟಿನ ಪೆಟ್ಟಿಗೆ ಇತ್ತು. ಪೂವಮ್ಮನ ಮಗ ಸಂದೇಶ್ ಹತ್ತಿರ ಹೋದ.

"ಇವತ್ತು ರೇಷನ್ ಅಕ್ಕಿಯ ದಿನ," ಎಂದಳು ವಿಸ್ಮಿತಾ, ಸ್ವರ ತಗ್ಗಿಸಿ. "ಬೆಳಿಗ್ಗೆಯಿಂದ ಸೊಸೈಟಿಯ ಜಗಲಿಯಲ್ಲಿ ಕೂತಿದ್ದೆ. ಬಿ.ಪಿ. ಮಾತ್ರೆಗೆ ಒಬ್ಬರೂ ನಿಲ್ಲಲಿಲ್ಲ. ಅಕ್ಕಿ ತೆಗೊಂಡು ಸೀದಾ ಇಲ್ಲಿಗೇ ಬಂದಿದ್ದಾರೆ."

ನಿಜ. ಅಂಗಳದ ಹೊರಗೆ ಕಂದಕದ ಅಂಚಿನ ಉದ್ದಕ್ಕೂ ಅಕ್ಕಿಯ ಚೀಲಗಳು ಸಾಲಾಗಿ ಕೂತಿದ್ದವು.

"ಇದು ಸತ್ತ ಮನೆ ಸಿಸ್ಟರ್. ಸೋಮವಾರ ಉಪಕೇಂದ್ರಕ್ಕೆ ಬರ್ತಾರೆ."

"ಬರುವುದಿಲ್ಲ. ಇಲ್ಲಿಂದ ಹಾಗೇ ಗುಡ್ಡೆ ಹತ್ತಿ ಹೋಗ್ತಾರೆ. ಬರುವುದಿಲ್ಲ ಅಂತ ನಿಮ್ಮ ಅಮ್ಮನೇ ನನಗೆ ಹೇಳಿಕೊಟ್ಟದ್ದು."

*

ಒಂಬತ್ತು ವರ್ಷದ ಹಿಂದೆ ಉಪಕೇಂದ್ರದಲ್ಲಿ ಬಿ.ಪಿ. ಮಾತ್ರೆಯನ್ನು ಹತ್ತು ದಿನಕ್ಕೆ ಬೇಕಾಗುವಷ್ಟೇ ಕೊಡುತ್ತಿದ್ದರು. ರೋಗಿಯೇ ಬರಬೇಕು, ಕೈಯಲ್ಲಿ ಮಾತ್ರೆಯ ಲೆಕ್ಕ ಬರೆಯುವ ಪುಸ್ತಕ ಇರಬೇಕು. ಗುಡ್ಡೆಯ ಮೇಲಿನ ರುಕ್ಮಯ್ಯ ನಸುಕಿಗೆ ರಬ್ಬರ್ ಟ್ಯಾಪಿಂಗ್ ಮುಗಿಸಿ, ಒಂದೂವರೆ ಗಂಟೆ ನಡೆದು ಬಂದಿದ್ದ. ಪುಸ್ತಕ ಮರೆತಿದ್ದ.

"ಪುಸ್ತಕ ಇಲ್ಲದೆ ಕೊಡುವ ಹಾಗಿಲ್ಲ ರುಕ್ಮಯ್ಯಣ್ಣ. ಮೇಲಿನವರು ಕೇಳ್ತಾರೆ," ಎಂದಿದ್ದಳು ಪೂವಮ್ಮ.

"ಆಯ್ತು ಮಾರಾಯ್ತಿ. ನಾಳೆ ಬರ್ತೇನೆ."

ಅವನು ಬರಲಿಲ್ಲ. ಇಪ್ಪತ್ತನೆಯ ದಿನ ಅಬೂಬಕ್ಕರ್ ತನ್ನ ಜೀಪಿನ ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸಿ ತಂದ. ಬಾಯಿ ವಾರೆಯಾಗಿತ್ತು. ಟ್ಯಾಪಿಂಗ್ ಕತ್ತಿ ಹಿಡಿಯುತ್ತಿದ್ದ ಬಲಗೈ ಸೀಟಿನಿಂದ ಕೆಳಗೆ ಜೋತು, ಜೀಪು ಅಲುಗಿದ ಹಾಗೆ ಅಲುಗುತ್ತಿತ್ತು.

ಆ ಸಂಜೆ ಪೂವಮ್ಮ ಸಮವಸ್ತ್ರ ಬದಲಿಸದೆ ಜಗಲಿಯಲ್ಲಿ ಕೂತಿದ್ದಳು. ಲೋಕಯ್ಯ ಚಹಾ ತಂದಿಟ್ಟರು. ಅದು ಆರಿತು.

"ವಾಪಸ್ ಕಳಿಸಿದ್ದು ನಾನು," ಎಂದಳು.

"ರೂಲ್ಸ್ ಹಾಗೆ ಉಂಟಲ್ಲ?"

"ರೂಲ್ಸು ಗುಡ್ಡೆ ಇಳಿದು ಬರಲಿಲ್ಲ. ಅವನು ಬಂದಿದ್ದ."

ಮುಂದಿನ ತಿಂಗಳ ತಾಲೂಕು ಸಭೆಗೆ ಅವಳು ಒಬ್ಬಳೇ ಹೋಗಲಿಲ್ಲ. ಅಬೂಬಕ್ಕರ್ ಎರಡು ಟ್ರಿಪ್ ಹೊಡೆದು ಗುಡ್ಡೆಯ ಹನ್ನೊಂದು ಮುದುಕ ಮುದುಕಿಯರನ್ನು ಇಳಿಸಿದ. ಅವರು ಸಭೆಯ ಬಾಗಿಲಿನ ಹೊರಗೆ, ಮದುವೆಗೆ ಬೇಗ ಬಂದವರ ಹಾಗೆ, ಚೀಲ ಮಡಿಲಲ್ಲಿಟ್ಟು ಕೂತರು.

"ಇದೇನು ಪೂವಮ್ಮ?" ಎಂದರು ಅಧಿಕಾರಿ.

"ನಾನು ಹೇಳಿದರೆ ಅಂಕಿ ಮಾತ್ರ ಆಗ್ತದೆ ಸಾರ್. ಇವರ ಹತ್ತಿರ ಒಮ್ಮೆ ಮಾತಾಡಿ."

ಅಧಿಕಾರಿಗೆ ಸಿಟ್ಟು ಬಂದದ್ದು ಎಲ್ಲರಿಗೂ ಕಂಡಿತು. ಆದರೂ ಎದ್ದು ಹೊರಗೆ ಬಂದರು. ತುದಿಯಲ್ಲಿದ್ದ ಸೇಸಮ್ಮನ ಎದುರು ನಿಂತು, ಮಾತ್ರೆಗೆ ಯಾಕೆ ಸರಿಯಾಗಿ ಬರುವುದಿಲ್ಲ ಎಂದು ಕೇಳಿದರು.

"ಬರ್ತೇನೆ ಸಾರ್. ಗಂಜಿ ಉಂಡು ಹೊರಟರೆ ಮುಟ್ಟುವಾಗ ಪುನಃ ಹಸಿವು. ಕಾಲು ಕೇಳುವುದಿಲ್ಲ."

"ಹಾಗಾದರೆ ತಪ್ಪದೆ ಕೆಳಗೆ ಬರುವುದು ಯಾವಾಗ?"

ಸೇಸಮ್ಮ ಅವರನ್ನು ಮಗುವನ್ನು ನೋಡುವ ಹಾಗೆ ನೋಡಿದಳು. "ಅಕ್ಕಿಗೆ. ನಾವೇ ಬಂದು ಮೆಷಿನಿಗೆ ಬೆರಳು ಒತ್ತಬೇಕಲ್ಲ?"

ಅಧಿಕಾರಿ ಪೂವಮ್ಮನನ್ನು ನೋಡಿದರು. ಪೂವಮ್ಮ ಅಧಿಕಾರಿಯನ್ನು ನೋಡಿದಳು.

ಆಮೇಲೂ ಎಂಟು ತಿಂಗಳು ಅನುಮತಿಯ ಕಾಗದ ಮೇಲೆ ಹೋಯಿತು, ಕೆಳಗೆ ಬಂತು. ಕೊನೆಗೆ ಒಂದು ಅಕ್ಕಿಯ ದಿನ, ಸೊಸೈಟಿಯ ಜಗಲಿಯಲ್ಲಿ, ತಕ್ಕಡಿಯ ಪಕ್ಕದಲ್ಲೇ ಪೂವಮ್ಮ ಮೇಜು ಹಾಕಿ ಕೂತಳು. ಇಡೀ ತಿಂಗಳ ಮಾತ್ರೆ ಒಟ್ಟಿಗೆ. ಪುಸ್ತಕ ಮರೆತವರ ಲೆಕ್ಕ ಅವಳ ಹತ್ತಿರವೇ ಇನ್ನೊಂದು ಪ್ರತಿಯಲ್ಲಿ ಇರುತ್ತಿತ್ತು. ನಿವೃತ್ತಿಯ ಮೇಲೂ ಅವಳು ಆ ಮೇಜಿನ ಬದಿಗೆ ಒಂದು ಸ್ಟೂಲು ಎಳೆದುಕೊಂಡು ಕೂರುವುದನ್ನು ಬಿಡಲಿಲ್ಲ.

*

ಮಗ ಮತ್ತು ವಿಸ್ಮಿತಾ ಆಡಿದ ಮಾತು ಲೋಕಯ್ಯನಿಗೆ ಬಹಳ ದೂರದಿಂದ, ಬಾವಿಯೊಳಗಿನಿಂದ ಎಂಬಂತೆ ಕೇಳಿಸಿತ್ತು. ಅವರು ಎದ್ದು ಬಂದರು.

"ಇಲ್ಲೇ ಕೊಡು ಮಗಳೇ."

"ಅಪ್ಪ, ಇಲ್ಲಿ?" ಎಂದ ಸಂದೇಶ್.

"ಮತ್ತೆ ಎಲ್ಲಿ? ಎಲ್ಲರೂ ಇಲ್ಲೇ ಇದ್ದಾರೆ."

ವಿಸ್ಮಿತಾ ತುಳಸಿಕಟ್ಟೆಯ ಹತ್ತಿರ ಪೆಟ್ಟಿಗೆ ಬಿಚ್ಚಿದಳು. ಯಾರೂ ಅಲುಗಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಸೂತಕದ ಮನೆಯಿಂದ ಮದ್ದು ಹಿಡ್ಕೊಂಡು ಹೋಗುವುದಾ?" ಸೇಸಮ್ಮ ಮೆಲ್ಲಗೆ ಕೇಳಿದಳು. "ಪೂವಕ್ಕನ ಮೇಲೆ ಬೇಸರದಿಂದ ಅಲ್ಲ. ಆದರೆ ಹೆದರಿಕೆ ಆಗ್ತದೆ."

ವಿಸ್ಮಿತಾ ಪಟ್ಟಿಯ ಮೊದಲ ಹೆಸರು ಓದಿದಳು. ಎರಡನೆಯದು. ಟರ್ಪಾಲು ಗಾಳಿಗೆ ಉಬ್ಬಿ, ಮತ್ತೆ ಇಳಿಯಿತು. ಅವಳ ಕಣ್ಣು ತುಂಬಿತು. ಪೆಟ್ಟಿಗೆ ಮುಚ್ಚಲು ಹೊರಟಳು.

ಗೋಡೆಗೆ ಒರಗಿದ್ದ ರುಕ್ಮಯ್ಯ ಆಗ ಎದ್ದ. ಅಂಗಳ ದಾಟಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಮೊದಲು ಪೂವಮ್ಮನ ಕಾಲಿನ ಬಳಿ ನಿಂತ.

"ಪ್ರತಿ ತಿಂಗಳೂ ಮಾತ್ರೆ ಕೊಡುವಾಗ ನನ್ನ ಈ ಕೈ ನೋಡ್ತಿದ್ದಳು," ಎಂದ. ಮಾತು ಈಗಲೂ ತೊದಲುತ್ತಿತ್ತು. "ನೋಡಬೇಡ ಮಾರಾಯ್ತಿ, ನಾಳೆ ಬರ್ತೇನೆ ಅಂತ ಹೇಳಿ ಬಾರದವನು ನಾನೇ ಅಂತ ಹೇಳಬೇಕು ಅಂತಿದ್ದೆ. ಹೇಳಲಿಲ್ಲ. ನಾಳೆ ಹೇಳುವ, ನಾಳೆ ಹೇಳುವ ಅಂತ..."

ತಿರುಗಿ, ಎಡಗೈ ಚಾಚಿದ. "ಕೊಡು ತಂಗಿ. ನನ್ನದು ನಿನ್ನೆಗೇ ಮುಗಿದಿದೆ."

ಅವನ ಹಿಂದೆ ಸೇಸಮ್ಮ ಬಂದು ನಿಂತಳು. ಅವಳ ಹಿಂದೆ ಇನ್ನೊಬ್ಬರು. ಸಾಲು ಪೂವಮ್ಮನ ಸುತ್ತ ಬಾಗಿ ಗೇಟಿನವರೆಗೆ ಬೆಳೆಯಿತು. ವಿಸ್ಮಿತಾ ಒಂದೊಂದೇ ಹೆಸರು ಕರೆದಳು. ಸಂದೇಶ್ ಪಟ್ಟಿ ಹಿಡಿದು ಗುರುತು ಹಾಕಿದ. ಲೋಕಯ್ಯ ಹೆಂಡತಿಯ ತಲೆಯ ಬಳಿ ಕೂತು, ಕೊನೆಯ ಹೆಸರಿನವರೆಗೂ ಕೇಳಿದರು.

ಆಮೇಲೆ ಚಟ್ಟ ಎತ್ತಿದರು. ಗುಡ್ಡೆಯ ಅಡಿಯ ಬಯಲಿಗೆ ಇಳಿಯುವ ದಾರಿಯಲ್ಲಿ ಮಧ್ಯಾಹ್ನದ ಬಿಸಿಲು ಬಿಳಿಯಾಗಿ ಹರಡಿತ್ತು. ಹೆಗಲು ಕೊಟ್ಟವರ, ಹಿಂದೆ ನಡೆದವರ ಅಂಗಿಯ ಜೇಬುಗಳಿಂದ, ಹೆಂಗಸರ ಸೊಂಟದ ಸೆರಗಿನಿಂದ ಮಾತ್ರೆಯ ಹಾಳೆಗಳ ತುದಿ ಹೊರಗೆ ಇಣುಕಿ, ಹೆಜ್ಜೆ ಹೆಜ್ಜೆಗೂ ಬೆಳ್ಳಿಯ ಹಾಗೆ ಮಿನುಗುತ್ತ, ಮೆರವಣಿಗೆ ತಿರುವಿನಲ್ಲಿ ಕೆಳಗಿಳಿಯಿತು.