ಎಡಗಡೆಯ ಕಣಗಿಲೆ

ಹೂವು ಅಲುಗಿತೇ, ಇಲ್ಲ, ಅಲುಗಿದ್ದು ದೀಪ, ಲಿಂಗದ ಎರಡೂ ಬದಿಗೆ ಒದ್ದೆ ಮಾಡಿ ಅಂಟಿಸಿದ ಕಣಗಿಲೆಗಳು ಹಾಗೇ ಇವೆ, ಒಂದು ತಾಸಾಯಿತು, ನೀರು ಆರಿರಬೇಕು, ಯಾವುದಾದರೊಂದು ಬೀಳಬೇಕಲ್ಲ — ಬಲಗಡೆಯದು ಬಿದ್ದರೆ ಈ ಡಿಸೆಂಬರಿನಲ್ಲೇ ಲಾ ಕಾಲೇಜಿನ ಪ್ರವೇಶ ಪರೀಕ್ಷೆ ಮತ್ತೊಮ್ಮೆ ಬರೆಯುವುದು, ಎಡಗಡೆಯದು ಬಿದ್ದರೆ ಅಪ್ಪ ಹೇಳಿದ ಹಾಗೆ ಹಳಿಯಾಳದಲ್ಲಿ ಮೂರು ವರ್ಷ ಡಿಗ್ರಿ ಮುಗಿಸಿ ಆಮೇಲೆ ನೋಡುವುದು, ಅರ್ಜಿಗೆ ಇವತ್ತೇ ಕೊನೆಯ ದಿನ, ತುಂಬಿಟ್ಟದ್ದು ಮೊಬೈಲಿನಲ್ಲಿದೆ, ಬೆರಳು ಒತ್ತಿದರೆ ಮುಗಿಯಿತು, ಆದರೆ ಅವ್ವ ಕೇಳಬೇಕಲ್ಲ, ದಾಂಡೇಲಿಯಿಂದ ಬಸ್ಸು ಹತ್ತಿಸಿ ತನ್ನ ತವರು ಸಾಂಬ್ರಾಣಿಗೆ ಕರೆತಂದಿದ್ದಾಳೆ, ಶೈಲಾ, ನಮ್ಮ ಈಶ್ವರ ಸುಳ್ಳ ಹೇಳಂಗಿಲ್ಲ. ಸುಳ್ಳು ಹೇಳಿದವಳು ನಾನು. ಹೋದ ವರ್ಷ ಹೂವಿನ ತಟ್ಟೆ ನನ್ನ ಕೈಯಲ್ಲಿತ್ತು, ಪೂಜಾರಿ ಬಸಲಿಂಗಯ್ಯಜ್ಜ ನೀರಿಗೆ ಹೋಗಿದ್ದರು, ಪಂಚಾಮೃತದ ಜೇನು ಪಕ್ಕದಲ್ಲೇ, ಒಂದೇ ಹನಿ, ಒಂದು ಹೂವಿನ ಬೆನ್ನಿಗೆ ಸವರಿ, ಇದನ್ನ ಎಡಕ್ಕ ಹಚ್ರಿ ಅಜ್ಜಾರ, ಎಂದು ನಾನೇ ಕೊಟ್ಟೆ, ಎಡಗಡೆಯದು ಹೇಗೆ ಬಿದ್ದೀತು, ಬಲಗಡೆಯದು ಬಿತ್ತು, ಅವ್ವ ಅತ್ತೇಬಿಟ್ಟಳು, ಪರೀಕ್ಷಾ ಬರಿಯವಾ, ಅಪ್ಪಣಿ ಆತು. ವಕೀಲಳಾಗಲು ಹೊರಟವಳು ಮೊದಲ ಕೇಸಿನಲ್ಲೇ ಸಾಕ್ಷಿ ತಿದ್ದಿದೆ. ಹುಬ್ಬಳ್ಳಿಯ ಪರೀಕ್ಷಾ ಕೋಣೆ, ಉತ್ತರ ಪತ್ರಿಕೆಯ ಮೇಲೆ ಒಂದು ಇರುವೆ, ಎಲ್ಲಿಂದ ಬಂತೋ, ಊದಿದೆ, ಹೋಗಲಿಲ್ಲ, ನಾನು ತುಂಬಿದ ಕಪ್ಪು ವೃತ್ತಗಳನ್ನು ಒಂದೊಂದಾಗಿ ಮೂಸುತ್ತ ಎಡಕ್ಕೇ ಎಡಕ್ಕೇ ನಡೆಯಿತು, ಬೆರಳಿಗೆ ಜೇನಿನ ವಾಸನೆ, ವಾರಗಟ್ಟಲೆ ಸೋಪು ಕಂಡ ಬೆರಳು, ನಲವತ್ತು ಪ್ರಶ್ನೆ ಹಾಗೇ ಉಳಿದವು. ರ‍್ಯಾಂಕು ನೋಡಿ ಅಪ್ಪ ಮಿಲ್ಲಿನ ಪಾಳಿಗೆ ಹೊರಟ, ಅವ್ವ ಮಾತ್ರ, ದೇವ್ರು ಬರಿ ಅಂದಾನ, ಅಂದ್ರ ತಪ್ಪು ನನ್ನ ಕಡಿಂದನ ಆಗೇತಿ, ಎಂದು ಅವತ್ತೇ ಚಪ್ಪಲಿ ಬಿಟ್ಟಳು, ಬೇಸಿಗೆಯ ಡಾಂಬರಿನ ಮೇಲೂ ಬರಿಗಾಲು, ಸಂತೆಗೂ ಬರಿಗಾಲು, ಈಗ ನನ್ನ ಮುಂದೆ ಕೂತಿದ್ದಾಳೆ, ಸೀಳಿದ ಹಿಮ್ಮಡಿಗಳು ನನ್ನ ಕಡೆಗೇ ತಿರುಗಿವೆ, ನೋಡಲಾರೆ, ಹೇಳಿಬಿಡಬೇಕು, ಎಷ್ಟು ಸಲ ಬಾಯಿಗೆ ಬಂದು ನುಂಗಿದ್ದೇನೆ, ನಾಚಿಕೆಯಾಗುತ್ತದೆ.

ಈ ಸಲ ತಟ್ಟೆ ಮುಟ್ಟಲಿಲ್ಲ. ಮುಟ್ಟುವ ಅಗತ್ಯವೂ ಇರಲಿಲ್ಲ, ವರ್ಷವಿಡೀ ಓದಿದ್ದು ಈಶ್ವರನಿಗೂ ಗೊತ್ತು, ಬರೆದರೆ ಈ ಸಲ ಸೀಟು ಸಿಕ್ಕೇ ಸಿಗುತ್ತದೆ, ಇನ್ನೂ ಮೂರು ವರ್ಷ ಕಾಯಲಾರೆ ಈಶ್ವರಾ, ಬಲ, ಬಲ — ಹಿಂಗ ಎಂದೂ ತಡಾ ಆಗಿಲ್ಲ ಕಾಶೆವ್ವಾ, ನಾ ಕಟ್ಟಿ ಮ್ಯಾಲ ಕುಂತಿರ್ತೇನಿ, ಎಂದು ಅಜ್ಜ ಅವ್ವನಿಗೆ ಹೇಳಿ ಎದ್ದು ಹೋಗಿ ಎಷ್ಟು ಹೊತ್ತಾಯಿತೋ, ಗಾಳಿಯಿಲ್ಲ, ಹೊರಗೆ ಒಂದು ಹಕ್ಕಿಯ ಸದ್ದೂ ಇಲ್ಲ, ಎರಡು ಹೂಗಳೂ ಸಣ್ಣಗೆ ಉಸಿರಾಡುತ್ತಿವೆ, ನಾನು ಉಸಿರು ಹಿಡಿದರೆ ಅವೂ ಹಿಡಿಯುತ್ತವೆ, ಬಿಟ್ಟರೆ ಬಿಡುತ್ತವೆ, ಹಿಡಿದೆ, ಹಿಡಿದೇ ಇದ್ದೆ, ಕಲ್ಲು ಒಮ್ಮೆ ಬೆವರಿದ ಹಾಗೆ, ಎಡಗಡೆಯದು ಬಿತ್ತು. ಸದ್ದಿಲ್ಲದೆ. ಮಗುಚಿ. ಅವ್ವನ ಕಣ್ಣು ಮುಚ್ಚಿವೆ, ನಾನು ಬಿಟ್ಟ ಉಸಿರು ಕೇಳಿಯೇ ತಿಳಿದಿರಬೇಕು, ಶೈಲಾ, ಬಿತ್ತಲ್ಲ, ಕಣ್ಣ ತೆರ್ಯಾಕ ಅಂಜಿಕಿ ಬರ್ತೈತಿ, ನೀನ ನೋಡಿ ಹೇಳು. ಬಲ ಎನ್ನಬಹುದು, ಎತ್ತಿ ಅಂಟಿಸಿ ಇನ್ನೊಂದನ್ನು ಕೆಡವಬಹುದು, ಅಜ್ಜ ಹೊರಗಿದ್ದಾರೆ, ಕೈ ಆಗಲೇ ಅವ್ವನ ಹೆಗಲು ದಾಟಿ ಮುಂದಕ್ಕೆ ಹೋಗಿದೆ, ನಾನು ಕಳಿಸಿದ್ದಲ್ಲ, ಬೆರಳಿಗೂ ಹೂವಿಗೂ ನಡುವೆ ಒಂದು ಗೇಣು, ಮೂರು ವರ್ಷ, ಅವ್ವನ ಕಾಲು — ಎಡ ಬಿತ್ತವ್ವಾ. ಅಂದದ್ದು ನಾನೇ. ಅವ್ವ ಕಣ್ಣು ತೆರೆಯಲಿಲ್ಲ, ಅಳಲಿಲ್ಲ, ತಿರುಗಲೂ ಇಲ್ಲ, ಮೆತ್ತಗೆ, ಹೋದ ವರ್ಷನೂ ಎಡಾನ ಬೀಳೂದಿತ್ತೇನ? ಹೂವು, ಬೆನ್ನು ಮೇಲಾಗಿ ಬಿದ್ದ ಹೂವು, ಏನೂ ಹಚ್ಚದ ಅದರ ಬೆನ್ನು, ಬೆನ್ನು, ಹೂವಿನ ಬೆನ್ನು